ಕುಕ್ಕರ್ ಕಲಿಸಿದ ಲೆಕ್ಕ

ಮಗಳಿಗೆ ನಾಲ್ಕು ತುಂಬುವ ಹೊತ್ತಿಗೆ ನಾನೊಂದು ಶಪಥ ಮಾಡಿದೆ. ಅಂಕಿಗಳನ್ನು ಬಾಯಿಪಾಠ ಮಾಡಿಸುವುದಿಲ್ಲ, ಮನೆಗೆಲಸದ ನಡುವೆಯೇ ಕಲಿಸುತ್ತೇನೆ. ಚಿಕ್ಕಂದಿನಲ್ಲಿ ಸಂಜೆಯಾದರೆ ಸಾಕು, ನನ್ನನ್ನು ಗೋಡೆಗೆ ಆನಿಸಿ ನಿಲ್ಲಿಸಿ ಮಗ್ಗಿ ಹೇಳಿಸುತ್ತಿದ್ದ ಅಪ್ಪನ ಎದುರಿಗೇ ಇದನ್ನು ಘೋಷಿಸಿದೆ. ಅವರು ಪತ್ರಿಕೆಯಿಂದ ತಲೆಯೆತ್ತದೆ "ಆಗಲಿ" ಎಂದರು. ಆ 'ಆಗಲಿ' ನನಗೆ ಹಿಡಿಸಲಿಲ್ಲ.

ಮೊದಲ ಪಾಠಕ್ಕೆ ಕುಕ್ಕರನ್ನು ಆರಿಸಿಕೊಂಡೆ. ಭಾನುವಾರ ಸಾರಿಗೆ ಬೇಳೆ ಇಟ್ಟು, ಮಗಳನ್ನು ಅಡುಗೆಮನೆಯ ಹೊಸ್ತಿಲ ಈಚೆ ಮಣೆಯ ಮೇಲೆ ಕೂರಿಸಿ, "ಐದು ಕೂಗು ಕೂಗಿದ ಮೇಲೆ ನನ್ನನ್ನು ಕರೆ" ಎಂದೆ. ಅವಳು ಮುಷ್ಟಿ ಕಟ್ಟಿಕೊಂಡು ಕೂತಳು. ಒಂದು ಕೂಗಿಗೆ ಒಂದು ಬೆರಳು ಬಿಚ್ಚಬೇಕು, ಅಷ್ಟೇ. ನಾನು ಹಜಾರದಲ್ಲಿ ಒಗೆದ ಬಟ್ಟೆ ಮಡಚುತ್ತಾ, ಇಷ್ಟು ಸುಲಭದ ಉಪಾಯ ಜಗತ್ತಿನ ಬೇರೆ ಅಪ್ಪಂದಿರಿಗೆ ಏಕೆ ಹೊಳೆದಿಲ್ಲ ಎಂದು ಮರುಗುತ್ತಿದ್ದೆ.

"ಅಪ್ಪಾ, ಐದಾಯಿತು!"

ಸ್ವಲ್ಪ ಬೇಗವೇ ಆಯಿತು. ಆದರೆ ಐದೂ ಬೆರಳು ಬಿಚ್ಚಿ ನಿಂತ ಮಗಳನ್ನು ಕಂಡಾಗ ಯಾರು ಗಡಿಯಾರ ನೋಡುತ್ತಾರೆ? ಒಲೆ ಆರಿಸಿದೆ. ಊಟಕ್ಕೆ ಕೂತಾಗ ತೊಗರಿಬೇಳೆ ಸಾರಿನ ತಳದಲ್ಲಿ ಜಲ್ಲಿಯ ಹಾಗೆ ಕೂತಿತ್ತು. ಅಪ್ಪ ಒಂದು ತುತ್ತು ಬಾಯಿಗಿಟ್ಟು, ಕಟ್ಟಿಸಿದ ಹಲ್ಲನ್ನು ನಾಲಿಗೆಯಿಂದ ತಡವಿ ನೋಡಿಕೊಂಡು, ಮಜ್ಜಿಗೆ ಕೇಳಿದರು.

ವಿಚಾರಣೆ ನಡೆಯಿತು. ಕೂಗಿದ್ದು ಐದು ಸಲವೇ, ಮಗುವಿನ ಲೆಕ್ಕದಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಮೊದಲಿನ ಎರಡು ನಮ್ಮ ಕುಕ್ಕರಿನವು. ಮೂರು, ನಾಲ್ಕು, ಐದು ಪಕ್ಕದ ಮನೆಯವು. ಅವರ ಅಡುಗೆಮನೆಯ ಕಿಟಕಿ ನಮ್ಮದಕ್ಕೆ ಎದುರಾಗಿಯೇ ಇದೆ. "ಯಾವ ಮನೆಯ ಕುಕ್ಕರ್ ಎಂದು ನೀನು ಹೇಳಲೇ ಇಲ್ಲವಲ್ಲ" ಎಂದಳು. ಹೇಳಿರಲಿಲ್ಲ, ನಿಜ.

ಎರಡನೆಯ ಪಾಠವನ್ನು ನಮ್ಮ ವ್ಯಾಕರಣ ಕೆಡಿಸಿತು. "ಎರಡು ಅಜ್ಜಿ ಬಂದರು" ಎಂದವಳನ್ನು ತಡೆದು, ಮನುಷ್ಯರಾದರೆ ಇಬ್ಬರು, ಮೂವರು, ನಾಲ್ವರು ಎನ್ನಬೇಕು ಎಂದು ತಿದ್ದಿದೆ. ಮರುದಿನ ತಿಂಡಿಯ ಹೊತ್ತಿಗೆ "ನನಗೆ ಇಬ್ಬರು ಇಡ್ಲಿ ಸಾಕು" ಎಂದಳು. ಕನ್ನಡದಲ್ಲಿ ಎಣಿಸಲು ಹೊರಟವರು ಎದುರಿಗಿರುವುದು ಮನುಷ್ಯನೋ ಅಲ್ಲವೋ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ಕೆಲವು ನೆಂಟರ ವಿಷಯದಲ್ಲಿ ಅದು ನನಗೇ ಇನ್ನೂ ಬಗೆಹರಿದಿಲ್ಲ.

ಇನ್ನು ನನ್ನ ಅಮ್ಮ. ಅವರು ಅಕ್ಕಿ ಅಳೆಯುವಾಗ ಮೊದಲ ಪಾವಿಗೆ 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ. ಲಾಭ, ಎರಡು, ಮೂರು, ನಾಲ್ಕು. ಅಲ್ಲಿಗೆ ಒಂದು ಸೇರು. ಮಗು ಗೊಂದಲಕ್ಕೆ ಬೀಳುತ್ತದೆ ಎಂದು ಆಕ್ಷೇಪಿಸಿದೆ. "ನಿಮ್ಮಪ್ಪನ ಸಂಬಳದಲ್ಲಿ ಈ ಮನೆ ನಡೆದದ್ದು ನಿನ್ನ 'ಒಂದು' ಎನ್ನುವುದರಿಂದಲ್ಲ" ಎಂದರು. ಪತ್ರಿಕೆಯ ಹಿಂದಿನಿಂದ ಕೆಮ್ಮು ಕೇಳಿಸಿತು.

ಮಧ್ಯಾಹ್ನ ಅಜ್ಜಿ ಮೊಮ್ಮಗಳು ಚೌಕಾಬಾರ ಆಡುತ್ತಿದ್ದರು. ಇದಂತೂ ಒಳ್ಳೆಯದೇ ಆಯಿತು, ಆಟದಲ್ಲೇ ಎಣಿಕೆ ಬಂದುಬಿಡುತ್ತದೆ ಎಂದುಕೊಂಡೆ. ನಾಲ್ಕು ಕವಡೆ. ಒಂದು ಅಂಗಾತ ಬಿದ್ದರೆ ಒಂದು, ಎರಡು ಬಿದ್ದರೆ ಎರಡು, ಮೂರು ಬಿದ್ದರೆ ಮೂರು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಐದು, ಆರು, ಏಳು ಆ ಆಟದಲ್ಲಿ ಹುಟ್ಟುವುದೇ ಇಲ್ಲ! ಮೂವತ್ತು ವರ್ಷದಿಂದ ಆಡುತ್ತಿರುವ ನನಗೆ ಇದು ಹೊಳೆದಿರಲಿಲ್ಲ. ಹೊಳೆದದ್ದು ಕಳೆದ ವಾರ, ಹೆಂಡತಿಯ ದೊಡ್ಡಪ್ಪ ಮನೆಗೆ ಬಂದಾಗ.

ಅವರು ನಿವೃತ್ತ ಗಣಿತದ ಮೇಷ್ಟ್ರು. ಕಾಫಿಯ ಜೊತೆಗೆ ನನ್ನ ಬೋಧನಾ ವಿಧಾನವನ್ನೂ ಅರ್ಧ ಗಂಟೆ ಬಡಿಸಿದ್ದೆ. ಅವರು ಜೇಬಿನಿಂದ ಚಾಕೊಲೇಟ್ ತೆಗೆದು, "ಎಲ್ಲಿ ಪುಟ್ಟಿ, ಹತ್ತರವರೆಗೆ ಎಣಿಸು ನೋಡೋಣ" ಎಂದರು.

ಮಗಳು ಲಂಗ ಸರಿಪಡಿಸಿಕೊಂಡು ನೆಟ್ಟಗೆ ನಿಂತಳು. "ಲಾಭ, ಎರಡು, ಮೂರು, ಚೌಕ, ಬಾರ!"

ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ಐದು ಎಲ್ಲಿ ಹೋಯಿತಮ್ಮ?"

"ಐದು ನಮ್ಮದಲ್ಲ ತಾತ, ಪಕ್ಕದ ಮನೆಯದು."

ಅಪ್ಪ ಪತ್ರಿಕೆಯನ್ನು ಮುಖದ ಮುಂದೆ ಇನ್ನಷ್ಟು ಎತ್ತಿ ಹಿಡಿದರು. ಅದು ಬಹಳ ಹೊತ್ತು ಅಲುಗಾಡುತ್ತಲೇ ಇತ್ತು.