ನಿಯಮ 16.2ರ ಪ್ರಕಾರ ಚಿರತೆ

ಮಳೆ ಹಿಡಿದು ನಾಲ್ಕು ದಿನ ಆಯಿತೋ ಇಲ್ಲವೋ, ಬೆಳಗಾವಿಯ ವಾಟ್ಸಾಪ್ ಗ್ರೂಪುಗಳಲ್ಲಿ ಚಿರತೆ ಓಡಾಡತೊಡಗುತ್ತದೆ. ಅದೇ 2022ರ ವಿಡಿಯೊ, ಅದೇ ರಸ್ತೆ, ಅದೇ ಬಾಲ. ಬಡಾವಣೆಯ ಹೆಸರು ಮಾತ್ರ ಹೊಸದು. ‘ಹುಷಾರ್ ರೀ, ಎಲ್ಲಾರಿಗೂ ಕಳಸ್ರಿ’ ಎಂಬ ಒಕ್ಕಣೆ. ಬೆನ್ನಿಗೇ ಒಬ್ಬರು ಕೇಳುತ್ತಾರೆ: ‘ಗಾಲ್ಫ್ ಗ್ರೌಂಡದಾಗ ಐತೇನ್ರಿ ಮತ್ತ?’ ನಮ್ಮೂರಲ್ಲಿ ಚಿರತೆಗೆ ಇರುವ ಖಾಯಂ ವಿಳಾಸ ಅದೊಂದೇ. 2022ರ ಆಗಸ್ಟ್‌ನಲ್ಲಿ ಊರೊಳಗೆ ಬಂದ ಚಿರತೆ ಹೊಕ್ಕು ಅಡಗಿದ್ದು ಅಲ್ಲೇ, ಊರೆಲ್ಲ ಹುಡುಕಿದರೂ ಸಿಗದೆ ಹೋದದ್ದೂ ಅಲ್ಲೇ.

ಕುಂದಾ ತಿಂದು ಬೆಳೆದ ಊರಿಗೆ ಗಾಲ್ಫ್ ಎಂಬ ಆಟ ಇದೆ ಎಂದು ಗೊತ್ತಾದದ್ದೇ ಆ ಆಗಸ್ಟ್‌ನಲ್ಲಿ. ಅದಕ್ಕೂ ಮುಂಚೆ ಆ ಸುಮಾರು 250 ಎಕರೆ ಒಂದು ಉದ್ದನೆಯ ಕಾಂಪೌಂಡ್, ಅಷ್ಟೇ. ಒಳಗೆ ಏನು ನಡೆಯುತ್ತದೆ ಎಂದು ಕೇಳುವ ಧೈರ್ಯ ಚಿರತೆಯೊಂದೇ ಮಾಡಿತು.

ಆದರೆ ಗಾಲ್ಫಿನವರ ಮುಂದಾಲೋಚನೆಯನ್ನು ಮೆಚ್ಚಬೇಕು. 2019ರಲ್ಲಿ ತಿದ್ದಿ ಬರೆದ ಅವರ ನಿಯಮಾವಳಿಯಲ್ಲಿ 16.2 ಎಂಬುದೊಂದಿದೆ. ಚೆಂಡು ಬಿದ್ದಲ್ಲಿ ಅಪಾಯಕಾರಿ ಪ್ರಾಣಿ ಇದ್ದು, ಅಲ್ಲಿಂದಲೇ ಹೊಡೆದರೆ ಮೈಗೆ ಗಾಯವಾಗುವಂತಿದ್ದರೆ, ಆಟಗಾರ ದಂಡವಿಲ್ಲದೆ ಚೆಂಡೆತ್ತಬಹುದು. ಅಪಾಯ ಮುಗಿಯುವ ಅತಿ ಹತ್ತಿರದ ಜಾಗ ಗುರುತಿಸಬೇಕು. ಅದು ಚೆಂಡು ಬೀಳಿಸಬೇಕಾದ ಕುಳಿಗೆ ಇನ್ನಷ್ಟು ಸಮೀಪವಾಗಿರಕೂಡದು. ಅಲ್ಲಿಂದ ಒಂದು ಕ್ಲಬ್, ಅಂದರೆ ಚೆಂಡು ಹೊಡೆಯುವ ಕೋಲಿನ, ಉದ್ದದೊಳಗೆ, ಮೊಣಕಾಲಿನ ಎತ್ತರದಿಂದ ಚೆಂಡು ಬಿಡಬೇಕು. ಕುಳಿಯ ಹತ್ತಿರ ಚೆಂಡು ಉರುಳಿಸುವ ಪಟರ್ ಬಿಟ್ಟು ಚೀಲದಲ್ಲಿರುವ ಅತಿ ಉದ್ದದ ಕ್ಲಬ್ಬೇ ಅಳತೆಗೋಲು, ಅಂದರೆ ಸಾಮಾನ್ಯವಾಗಿ 45 ಇಂಚಿನ ಆಸುಪಾಸು. ಎಲ್ಲ ಸರಿ. ಚಿರತೆಯ ಅಪಾಯ ಎಲ್ಲಿಗೆ ಮುಗಿಯುತ್ತದೆ ಎಂದು ನಿಂತು ನೋಡುವವರು ಯಾರು? 2022ರ ಲೆಕ್ಕ ಹಿಡಿದರೆ ಚೆಂಡನ್ನು ಧಾರವಾಡದಲ್ಲಿ ಬಿಡಬೇಕಾಗುತ್ತಿತ್ತು.

ಇನ್ನೊಂದು ಕೊಕ್ಕೆ ಇದೆ. ಆ ಜಾಗದಿಂದ ಬೇರೆ ಕಾರಣಕ್ಕೇ ಹೊಡೆಯಲು ಬರುವಂತಿರದಿದ್ದರೆ ಈ ರಿಯಾಯಿತಿ ಸಿಗದು. ಚೆಂಡು ಲಂಟಾನಾ ಪೊದೆಯ ಹೊಟ್ಟೆಯೊಳಗೆ, ಅದರ ಪಕ್ಕ ಚಿರತೆ ಎಂದಿಟ್ಟುಕೊಳ್ಳಿ. ಚಿರತೆ ಇರದಿದ್ದರೂ ನೀವು ಅಲ್ಲಿಂದ ಹೊಡೆಯುತ್ತಿರಲಿಲ್ಲವಲ್ಲ ಎಂದು ರೆಫರಿ ಕೇಳಬಹುದು. ನ್ಯಾಯ ಅಂದರೆ ಹೀಗಿರಬೇಕು. ಪಾಪಾಸ್ ಕಳ್ಳಿಯ ಮುಳ್ಳಿಗೂ ರಿಯಾಯಿತಿ ಇಲ್ಲ, ಅದು ಗಿಡ. ಉದಾಹರಣೆಗೆಂದು ನಿಯಮ ಹೆಸರಿಸುವುದು ವಿಷದ ಹಾವು, ಕಚ್ಚುವ ಜೇನು, ಮೊಸಳೆ ಜಾತಿಯ ಆಲಿಗೇಟರ್, ಬೆಂಕಿಯಿರುವೆ, ಕರಡಿ. ಇರುವೆಗೆ ಸಿಕ್ಕ ಮರ್ಯಾದೆ ಚಿರತೆಗಿಲ್ಲ. ಮುಂದಿನ ಪರಿಷ್ಕರಣೆಗೆ ಬೆಳಗಾವಿಯಿಂದ ಒಂದು ನಿಯೋಗ ಹೋಗಲೇಬೇಕು.

ಚಿರತೆ ಚೆಂಡನ್ನು ಕಚ್ಚಿಕೊಂಡು ಹೋದರೆ? ಅದಕ್ಕೂ 9.6 ಇದೆ. ದಂಡವಿಲ್ಲ, ಇನ್ನೊಂದು ಚೆಂಡನ್ನು ಮೊದಲಿದ್ದ ಜಾಗದಲ್ಲೇ ಇಡಬೇಕು. ಒಯ್ದದ್ದು ಪ್ರಾಣಿಯೇ ಎಂದು ಕನಿಷ್ಠ ಶೇ 95ರಷ್ಟು ಖಾತ್ರಿ ಇರಬೇಕು, ಅಷ್ಟೇ. ನಮ್ಮ ವಾಟ್ಸಾಪ್ ಅಡ್ಮಿನ್‌ಗಳಿಗೆ ಈ ಶೇ 95ರ ನಿಯಮ ಹಚ್ಚಿದರೆ ಗ್ರೂಪಿನಲ್ಲಿ ಶುಭೋದಯ ಬಿಟ್ಟು ಬೇರೇನೂ ಉಳಿಯುವುದಿಲ್ಲ. ಉಗಾಂಡಾದ ಜಿಂಜಾದ ಗಾಲ್ಫ್ ಕೋರ್ಸಿನಲ್ಲಿ ನೀರಾನೆಯ ಹೆಜ್ಜೆಯೊಳಗೆ ಬಿದ್ದ ಚೆಂಡನ್ನು ಎತ್ತಿಡಲು ಸ್ಥಳೀಯ ನಿಯಮವೇ ಇದೆಯಂತೆ. ನಮ್ಮಲ್ಲಿ ಜೆಸಿಬಿಯ ಹೆಜ್ಜೆಗೊಂದು ಬೇಕು.

ಕಳೆದ ಚೆಂಡನ್ನು ಹುಡುಕಲು ಗಾಲ್ಫ್ ಕೊಡುವುದು ಮೂರು ನಿಮಿಷ. 2018ರವರೆಗೆ ಐದಿತ್ತು, ಜನ ಬೇಸತ್ತು ಇಳಿಸಿದರು. ನಾವು ಚಿರತೆಯನ್ನು ಹುಡುಕಿದ್ದು ತಿಂಗಳ ಮೇಲೆ. ಬೋನು, ಬಲೆ, ಡ್ರೋನು, ಮುಧೋಳ ನಾಯಿ, ಸಕ್ರೆಬೈಲಿನ ಆನೆ. ಮದುವೆ ಮೆರವಣಿಗೆಗೆ ಬ್ಯಾಂಡ್ ಒಂದು ಕಡಿಮೆಯಿತ್ತು. 22 ಶಾಲೆಗಳಿಗೆ ಬೀಗ.

ಇಷ್ಟಾದರೂ ಸಿಗಲಿಲ್ಲ ಎಂದು ಯಾಕೆ ಆಶ್ಚರ್ಯಪಡುತ್ತೀರಿ? ಬೋನಿನಲ್ಲಿ ಎರಡು ಖಾನೆ ಇರುತ್ತವೆ. ಹಿಂದಿನದರಲ್ಲಿ ಮೇಕೆಯೋ ನಾಯಿಯೋ, ಮುಂದಿನದರ ನೆಲಕ್ಕೆ ಒತ್ತುಹಲಗೆ. ಚಿರತೆ ಕಾಲಿಟ್ಟರೆ ಕೊಂಡಿ ಬಿಟ್ಟು ಬಾಗಿಲು ಮೇಲಿಂದ ಬೀಳಬೇಕು. ಬೆಳಗಾವಿಯ ಆಗಸ್ಟ್ ಮಳೆಗೆ ಆ ಬಾಗಿಲಿನ ಜಾಡಿನಲ್ಲಿ ಕೆಸರು ಕೂರುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಬಾಗಿಲು ಅರ್ಧಕ್ಕೇ ನಿಲ್ಲುತ್ತದೆ. ದಿನಾ ಎಣ್ಣೆ ಬಿಟ್ಟು ಎತ್ತಿಳಿಸಿ ನೋಡಬೇಕು, ನೋಡುವವನ ವಾಸನೆಯೂ ಅಲ್ಲಿ ಉಳಿಯಕೂಡದು. ಕ್ಯಾಮೆರಾ ಟ್ರ್ಯಾಪನ್ನು ಮೊಣಕಾಲಿನ ಎತ್ತರಕ್ಕೆ, ಎದುರುಬದುರು ಕಟ್ಟಬೇಕು, ಏಕೆಂದರೆ ಯಾವ ಚಿರತೆ ಎಂದು ಗುರುತಿಸುವುದು ಚುಕ್ಕೆಯಿಂದ, ಎಡಮೈ ಚುಕ್ಕೆ ಬಲಮೈಗೆ ಹೊಂದುವುದಿಲ್ಲ. ಮುಂದಿನ ಹುಲ್ಲು ಕೊಯ್ಯದೇ ಬಿಟ್ಟರೆ ಗಾಳಿಗೆ ಅಲುಗಾಡಿದ್ದೆಲ್ಲ ಫೋಟೊ. ಸಾವಿರ ಚಿತ್ರ, ಎಲ್ಲವೂ ಹುಲ್ಲಿನದೇ. ಮೈಶಾಖ ಹಿಡಿಯುವ ಥರ್ಮಲ್ ಡ್ರೋನಿಗೆ ನೆಲ ತಣ್ಣಗಿರುವ ಬೆಳಗಿನ ಜಾವದಲ್ಲಿ ಚಿರತೆ ಕಾಣಿಸೀತು, ದಟ್ಟ ಎಲೆಯ ಅಡಿಗಲ್ಲ. ಅರಿವಳಿಕೆ ಚುಚ್ಚುಮದ್ದು ತಗುಲಿದ ಕೂಡಲೇ ಚಿರತೆ ಧೊಪ್ಪನೆ ಬೀಳುವುದು ಸಿನಿಮಾದಲ್ಲಿ. ನಿಜದಲ್ಲಿ ಮದ್ದೇರಲು ಹಲವು ನಿಮಿಷ ಬೇಕು. ಅಷ್ಟರಲ್ಲಿ ಅದು ಯಾವ ಓಣಿಯ ಯಾರ ಹಿತ್ತಿಲು ಸೇರುತ್ತದೋ ಯಾರಿಗೆ ಗೊತ್ತು? ಇಷ್ಟೆಲ್ಲಕ್ಕೂ ಮೊದಲು ಬೇಕಾದದ್ದು ಸದ್ದಿಲ್ಲದ ಜಾಗ. ನಮ್ಮಲ್ಲಿ ಕಾಂಪೌಂಡ್ ಮೇಲೆ ಮೊಬೈಲ್ ಹಿಡಿದು ಸಾಲಾಗಿ ಕೂತಿದ್ದರು.

ಕೇಂದ್ರ ಪರಿಸರ ಸಚಿವಾಲಯ 2011ರಲ್ಲೇ ಮಾರ್ಗಸೂಚಿ ಬರೆದಿಟ್ಟಿದೆ: ಚಿರತೆ ಕಂಡ ಮಾತ್ರಕ್ಕೆ ಹಿಡಿಯಬೇಡಿ, ಹಿಡಿದು ದೂರದಲ್ಲಿ ಬಿಟ್ಟರೆ ಅಲ್ಲಿ ತಕರಾರು ಹೆಚ್ಚುತ್ತದೆ, ಮೊದಲು ಜನರನ್ನು ಚದುರಿಸಿ. ಮಹಾರಾಷ್ಟ್ರದ ಜುನ್ನರ್‌ನಲ್ಲಿ ಹೀಗೆ ಹಿಡಿದು ಬೇರೆಡೆ ಬಿಟ್ಟ ಮೇಲೆಯೇ ಮನುಷ್ಯರ ಮೇಲಿನ ದಾಳಿ ಏರಿತ್ತು. ಕತ್ತಲಾದ ಮೇಲೆ ಒಂದು ಕಡೆ ದೀಪ ಆರಿಸಿ, ಮಂದಿಯನ್ನು ಮನೆಗೆ ಕಳಿಸಿ, ಅದಕ್ಕೆ ದಾರಿ ಬಿಡುವುದು ಅಗ್ಗದ ಕೆಲಸ. ಅದಕ್ಕೆ ಟೆಂಡರ್ ಇಲ್ಲ, ಫೋಟೊ ಇಲ್ಲ, ಸಚಿವರ ಪರಿಶೀಲನೆ ಇಲ್ಲ. ಕಡೆಗೆ ಚಿರತೆಯೇ ಯಾರ ಅಪ್ಪಣೆಯನ್ನೂ ಕೇಳದೆ ಆ ಮಾರ್ಗಸೂಚಿಯನ್ನು ಜಾರಿಗೆ ತಂದಿತು.

ಜಾಧವ ನಗರದಲ್ಲಿ ಮೊದಲ ದಿನ ಪಂಜಾ ತಿಂದವನು ಕಟ್ಟಡ ಕೆಲಸದ ಕೂಲಿಯವನು ಎಂಬುದು ಎಷ್ಟು ಮಂದಿಗೆ ನೆನಪಿದೆ? ಆನೆಯ ಫೋಟೊ ಎಲ್ಲರ ಬಳಿಯೂ ಇದೆ. ಚಿರತೆ ಮೊದಲ ಬಾರಿಗೆ ಮನುಷ್ಯರ ನಡುವೆ ಬಂದಿದ್ದೇ ಗಾಲ್ಫ್ ಮೈದಾನಕ್ಕೆ ಎಂಬಂತೆ ಮಾತಾಡುತ್ತೇವೆ. ಆದರೆ ಕಬ್ಬು ವರ್ಷದ ಹತ್ತು–ಹನ್ನೆರಡು ತಿಂಗಳು ಹೊಲದಲ್ಲೇ ಇರುತ್ತದೆ, ಅದರಲ್ಲಿ ಎಷ್ಟೋ ತಿಂಗಳು ಆಳೆತ್ತರ. ನೆರಳು, ನೀರು, ಹಂದಿ, ನಾಯಿ, ಚಿರತೆಗೆ ಇನ್ನೇನು ಬೇಕು? ಆ ಕಬ್ಬಿಗೆ ನೀರು ಹಾಯಿಸಲು ಹೋಗುವವನಿಗೆ ತ್ರೀ ಫೇಸ್ ಕರೆಂಟು ಬರುವುದು ಎಷ್ಟೋ ಕಡೆ ರಾತ್ರಿ. ಕೈಯಲ್ಲೊಂದು ಬ್ಯಾಟರಿ, ಕಾಲಲ್ಲಿ ಚಪ್ಪಲಿ. ಹಾವು, ಹಂದಿ, ಚಿರತೆ ಯಾವುದು ಎದುರಾದರೂ ಅವನಿಗೆ ಕ್ಲಬ್ ಉದ್ದದ ರಿಯಾಯಿತಿಯಿಲ್ಲ. ಅವನಿಗಾಗಿ ಶಾಲೆ ಮುಚ್ಚುವುದಿಲ್ಲ, ಶಿವಮೊಗ್ಗದಿಂದ ಆನೆ ಲಾರಿ ಹತ್ತುವುದಿಲ್ಲ. ಅವನ ಹೊಲದ ಮೇಲೂ ಈಗ ಡ್ರೋನ್ ಹಾರುತ್ತದೆ, ಔಷಧಿ ಹೊಡೆಯಲಿಕ್ಕೆ.

ಏಳು ತಾಸು ಕರೆಂಟು ಹಗಲು ಹೊತ್ತು ಕೊಡ್ರಿ ಅಂತ ಕೇಳಿ ಕೇಳಿ ಅವನ ಗಂಟಲು ಒಣಗಿದೆ. ಆನೆಯನ್ನು ನೀವೇ ಇಟ್ಟುಕೊಳ್ಳಿ.