ಮರಿ ನಾಲ್ಕು, ಮೆಗಾಪಿಕ್ಸೆಲ್ ನಲವತ್ತೈದು

ಬೆಕ್ಕು ಮರಿ ಹಾಕಲು ಒಂದು ಹಳೇ ಪಂಚೆ ಸಾಕು. ಮೂಲೆಯಲ್ಲಿ ಸ್ವಲ್ಪ ಕತ್ತಲೆ ಇದ್ದರೆ ಇನ್ನೂ ಒಳ್ಳೆಯದು. ಆ ಮರಿಗಳ ಫೋಟೋ ತೆಗೆಯಲು ಮಾತ್ರ ಮನುಷ್ಯನಿಗೆ ಫುಲ್ ಫ್ರೇಮ್ ಸೆನ್ಸರ್, ಎಫ್ 1.8 ಲೆನ್ಸ್, ಟ್ರೈಪಾಡ್, ಸಾಫ್ಟ್‌ಬಾಕ್ಸ್, 18 ಪರ್ಸೆಂಟ್ ಜಿಎಸ್‌ಟಿ ಮತ್ತು ಹನ್ನೆರಡು ತಿಂಗಳ ಇಎಂಐ ಬೇಕು.

ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ರಾಯರನ್ನೇ ತೆಗೆದುಕೊಳ್ಳಿ. ಅಂಥವರು ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಇದ್ದಾರೆ, ಮಹಡಿ ಬದಲಾಯಿಸಿಕೊಂಡು ಓದಿ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಬೇರೆಯವರ ಸಾಲಕ್ಕೆ ಸಹಿ ಹಾಕಿ ನಿವೃತ್ತರಾದವರು. ಸ್ವಂತಕ್ಕೆ ಸಾಲ ಮಾಡಿದವರಲ್ಲ. ಅವರ ವಾರ್ಡ್‌ರೋಬಿನಲ್ಲಿ ಒಂದು ಬೀದಿ ಬೆಕ್ಕು ಬಂದು ನಾಲ್ಕು ಮರಿ ಹಾಕಿತು. ಎರಡು ಬೂದಿ ಪಟ್ಟೆಯವು, ಒಂದು ಕೇಸರಿ, ಒಂದು ಕಪ್ಪು. ಅವರ ಮನೆಯವರು ತಾಯಿಬೆಕ್ಕಿಗೆ ಒಂದಿಷ್ಟು ಅನ್ನ, ಮೊಟ್ಟೆ ಕಲಸಿಟ್ಟು, ಬಾಗಿಲು ಓರೆ ಮಾಡಿ, ತಮ್ಮ ಕೆಲಸಕ್ಕೆ ಹೋದರು. ರಾಯರು ಫೋನ್ ತಂದರು.

ಕತ್ತಲೆ ಮೂಲೆ, ಮುಖದ ಮುಂದೆ ಗುರ್ ಎನ್ನುವ ತಾಯಿ, ನಡುಗುವ ಕೈ. ಫೋಟೋದಲ್ಲಿ ಬಂದದ್ದು ಮರಿಯೋ ಕಾಲುಚೀಲವೋ ಗೊತ್ತಾಗಲಿಲ್ಲ. "200 ಮೆಗಾಪಿಕ್ಸೆಲ್ ಇದ್ರೂ ಹಿಂಗ್ಯಾಕ್ರೀ?" ಎಂದು ಅವರು ಲಿಫ್ಟಿನಲ್ಲಿ ಸಿಕ್ಕವರನ್ನೆಲ್ಲ ಕೇಳಿದರು.

ಉತ್ತರ ಫೋನಿನ ಒಳಗೇ ಇತ್ತು. ಒಂದು ಮೆಗಾಪಿಕ್ಸೆಲ್ ಅಂದರೆ ಹತ್ತು ಲಕ್ಷ ಚುಕ್ಕಿ. ಪೆಟ್ಟಿಗೆಯ ಮೇಲೆ 200 ಎಂದು ದಪ್ಪಕ್ಕೆ ಬರೆದ ಫೋನ್ ಮಾಮೂಲಾಗಿ ಕೊಡುವುದು ಹನ್ನೆರಡೂವರೆ ಮೆಗಾಪಿಕ್ಸೆಲ್ ಫೋಟೋ. ಹದಿನಾರು ಚುಕ್ಕಿ ಸೇರಿಸಿ ಒಂದು ಚುಕ್ಕಿ ಮಾಡುತ್ತದೆ. 108 ಎಂದಿದ್ದರೆ ಒಂಬತ್ತು ಸೇರಿಸಿ ಹನ್ನೆರಡು. 50 ಎಂದಿದ್ದರೆ ನಾಲ್ಕು ಸೇರಿಸಿ ಹನ್ನೆರಡೂವರೆ. ಯಾವ ಬಸ್ಸು ಹತ್ತಿದರೂ ಇಳಿಯುವ ಊರು ಒಂದೇ. ಇದರಲ್ಲಿ ತಪ್ಪೇನಿಲ್ಲ. ಬೆಳಕು ಹಿಡಿಯುವ ಚಿಕ್ಕ ಸೆನ್ಸರ್‌ನಲ್ಲಿ ಅಷ್ಟು ಚುಕ್ಕಿ ತುರುಕಿದರೆ ಒಂದೊಂದಕ್ಕೆ ಬೆಳಕು ಸಾಲುವುದಿಲ್ಲ, ಅದಕ್ಕೇ ಸೇರಿಸುತ್ತಾರೆ. ಆದರೆ ಸೇರಿಸುವ ವಿಷಯ ಪೆಟ್ಟಿಗೆಯ ಮೇಲೆ ದಪ್ಪಕ್ಕೆ ಬರೆದವರನ್ನು ನಾನು ನೋಡಿಲ್ಲ.

ಆ ಹನ್ನೆರಡೂವರೆಯಾದರೂ ಉಳಿಯುತ್ತದಾ? ಅದು ಹೋಗುವುದು ವಾಟ್ಸಾಪ್‌ಗೆ. ವಾಟ್ಸಾಪ್ ಅದನ್ನು ಹಿಂಡಿ, ಸುಮಾರು ಎರಡು ಮೆಗಾಪಿಕ್ಸೆಲ್ ಮಾಡಿ ಆಚೆ ದಾಟಿಸುತ್ತದೆ. 2023ರ ಆಗಸ್ಟ್‌ನಲ್ಲಿ ಎಚ್‌ಡಿ ಗುಂಡಿಯೂ ಬಂತು. ಒತ್ತುವವರು ಯಾರು? ಆಮೇಲೆ ಇನ್‌ಸ್ಟಾಗ್ರಾಂ. ಅಲ್ಲಿ ಎಷ್ಟು ದೊಡ್ಡ ಫೋಟೋ ಹಾಕಿದರೂ ಅಗಲ 1080 ಚುಕ್ಕಿಗೆ ಇಳಿಯುತ್ತದೆ. ನೋಡುವವರು ಅದನ್ನು ಬಸ್ಸಿನಲ್ಲಿ ನಿಂತು, ಹೆಬ್ಬೆರಳಿನಲ್ಲಿ ತಳ್ಳಿ, ಅರ್ಧ ಸೆಕೆಂಡ್ ನೋಡುತ್ತಾರೆ. ಆ ಅರ್ಧ ಸೆಕೆಂಡಿನ ಸಲುವಾಗಿ ಇಡೀ ದೇಶ ಚುಕ್ಕಿ ಎಣಿಸುತ್ತಿದೆ.

1975ರಲ್ಲಿ ಕೊಡಕ್ ಕಂಪನಿಯ ಸ್ಟೀವನ್ ಸಾಸನ್ ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದಾಗ ಅದರಲ್ಲಿದ್ದದ್ದು 0.01 ಮೆಗಾಪಿಕ್ಸೆಲ್. ತೂಕ ಮೂರೂವರೆ ಕೆಜಿಗೂ ಜಾಸ್ತಿ. ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡ್ ಬೇಕಿತ್ತು. ಅಷ್ಟು ಹೊತ್ತಿನಲ್ಲಿ ಒಂದು ಬೆಕ್ಕಿನ ಮರಿ ಸೋಫಾ ಕೆಳಗೆ ಹೋಗಿ, ಕರ್ಟನ್ ಹತ್ತಿ, ಇಳಿಯಲಾಗದೆ ಕೂಗಲು ಶುರು ಮಾಡಿರುತ್ತದೆ.

ಇರಲಿ. ರಾಯರು ಕ್ಯಾಮೆರಾ ಕೊಳ್ಳುವುದೆಂದು ತೀರ್ಮಾನಿಸಿದರು.

ಇಲ್ಲಿಂದ ಎರಡು ಕೆಲಸ ಒಟ್ಟಿಗೆ ನಡೆದವು. ಮರಿಗಳು ಬೆಳೆಯತೊಡಗಿದವು. ರಾಯರು ಓದತೊಡಗಿದರು.

ಮೊದಲ ವಾರ ಮರಿಗಳಿಗೆ ಕಣ್ಣು ಮುಚ್ಚಿತ್ತು, ಕಿವಿ ಮಡಚಿತ್ತು. ಹುಟ್ಟಿದಾಗ ಒಂದೊಂದೂ ಸುಮಾರು ನೂರು ಗ್ರಾಂ. ಹಾಲು, ನಿದ್ದೆ, ಮತ್ತೆ ಹಾಲು. ಫೋಟೋ ತೆಗೆಯುವವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಮರಿ ಅಲ್ಲಾಡುವುದೇ ಇಲ್ಲ. ಆ ವಾರ ರಾಯರು ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಒಂದು ಪ್ರಶ್ನೆ ಹಾಕಿದರು: ಬೆಕ್ಕಿನ ಮರಿಗೆ ಯಾವ ಕ್ಯಾಮೆರಾ ಒಳ್ಳೆಯದು? ಐದು ನಿಮಿಷಕ್ಕೆ ಗ್ರೂಪು ಎರಡು ಪಕ್ಷವಾಯಿತು. ನಿಕಾನ್ ಬಣ್ಣ ನ್ಯಾಚುರಲ್ ಎಂದರು ಒಬ್ಬರು. ಕ್ಯಾನನ್ ಸ್ಕಿನ್ ಟೋನ್ ಮುಂದೆ ಯಾವುದೂ ಇಲ್ಲ ಎಂದರು ಇನ್ನೊಬ್ಬರು. ಮೈತುಂಬ ಕೂದಲಿರುವ ಪ್ರಾಣಿಗೆ ಸ್ಕಿನ್ ಟೋನ್! ಸಾಫ್ಟ್‌ವೇರ್ ಹುಡುಗ ಸೋನಿ ಎಂದ. ನೆಲಮಹಡಿಯ ಡಾಕ್ಟರು ಐಫೋನ್ ಎಂದರು. ಯಾರೋ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಹಾಕಿದರು. ಇನ್ಯಾರೋ "ಟ್ಯಾಂಕರ್ ಬಂತಾ?" ಎಂದು ಕೇಳಿದರು. ಸೆಕ್ರೆಟರಿ ಮಾತ್ರ "ಬೆಕ್ಕು ಸಾಕಲು ಪರ್ಮಿಷನ್ ಯಾರು ಕೊಟ್ಟಿದ್ದು?" ಎಂದು ಗುಡುಗಿದರು. ಸಾಕುಪ್ರಾಣಿ ಇಟ್ಟುಕೊಳ್ಳಬೇಡಿ ಎಂದು ನಿವಾಸಿಗಳ ಸಂಘ ಹೇಳುವ ಹಾಗಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಯಲ್ಲಿ 2015ರಲ್ಲೇ ಇದೆ. ಆದರೆ ನಮ್ಮ ಗ್ರೂಪಿನಲ್ಲಿ ಪಿಡಿಎಫ್ ತೆರೆದು ಓದುವ ಪದ್ಧತಿಯಿಲ್ಲ.

ಎರಡನೇ ವಾರದೊಳಗೆ ಮರಿಗಳು ಕಣ್ಣು ಬಿಟ್ಟವು. ಶುರುವಿನಲ್ಲಿ ಮರಿಗಳ ಕಣ್ಣು ನೀಲಿಯಾಗಿರುತ್ತದೆ. ನೋಡಿದವರು ಮರುಳಾಗುವ ನೀಲಿ. ರಾಯರು ಆಗ 36 ಗುಣಿಸು 24 ಮಿಲಿಮೀಟರ್ ಅಳತೆಯ ಫುಲ್ ಫ್ರೇಮ್ ಸೆನ್ಸರ್ ಬೇಕೋ ಅದಕ್ಕಿಂತ ಚಿಕ್ಕದು ಸಾಕೋ ಎಂಬ ಚರ್ಚೆಯಲ್ಲಿದ್ದರು. ಯೂಟ್ಯೂಬಿನಲ್ಲಿ ಒಬ್ಬ ಹುಡುಗ ನಲವತ್ತು ನಿಮಿಷ ಒಂದೇ ಇಟ್ಟಿಗೆ ಗೋಡೆಯ ಫೋಟೋ ತೆಗೆದು, ಮೂಲೆಯ ಇಟ್ಟಿಗೆಯನ್ನು ನಾನೂರು ಪಟ್ಟು ಹಿಗ್ಗಿಸಿ ತೋರಿಸುತ್ತಾನೆ. ಕೊನೆಗೆ "ನಿಮಗೆ ಯಾವುದು ಸರಿಹೋಗುತ್ತೋ ಅದನ್ನೇ ತಗೊಳ್ಳಿ ಫ್ರೆಂಡ್ಸ್" ಎನ್ನುತ್ತಾನೆ. ಇದನ್ನೇ ರಾಯರ ಮನೆಯವರು ಮೊದಲ ದಿನ ಪುಕ್ಕಟೆಯಾಗಿ ಹೇಳಿದ್ದರು.

ನಾಲ್ಕನೇ ವಾರ ಮರಿಗಳು ಓಡಾಡತೊಡಗಿದವು. ಓಡಾಟ ಅಂದರೆ, ಮೂರು ಹೆಜ್ಜೆ ಹಾಕಿ ಬೀಳುವುದು. ರಾಯರಿಗೆ ಈಗ ಹೊಸ ಜ್ಞಾನ ಬಂತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎನ್ನುವುದು ಹಳೇ ಪ್ರಶ್ನೆ. ಬೆಕ್ಕಿನ ಕಣ್ಣಿಗೆ ಫೋಕಸ್ ಕಟ್ಟುವವರು ಯಾರು ಎನ್ನುವ ಪ್ರಶ್ನೆಗೆ 2019ರಲ್ಲಿ ಸೋನಿ, ಮರುವರ್ಷ ಕ್ಯಾನನ್, ನಿಕಾನ್ ಎಲ್ಲ ಉತ್ತರ ಕೊಟ್ಟಿವೆ. ಪ್ರಾಣಿಯ ಕಣ್ಣನ್ನು ತಾನೇ ಹುಡುಕಿ ಹಿಡಿಯುವ ಕ್ಯಾಮೆರಾಗಳು. ಸುಮ್ನೆ ಹೇಳುವುದಲ್ಲ, ಅದು ನಿಜಕ್ಕೂ ಒಳ್ಳೆಯ ಸವಲತ್ತು. ರಾಯರು ಅದನ್ನು ಮೆಚ್ಚಿ, ನಿಟ್ಟುಸಿರು ಬಿಟ್ಟು, ಹಬ್ಬದ ಸೇಲ್ ಬರಲಿ ಎಂದು ಕಾಯತೊಡಗಿದರು. ಮರಿಗಳಿಗೆ ಈ ಸೇಲ್ ವಿಷಯ ತಿಳಿದಿರಲಿಲ್ಲ. ಅವು ಬೆಳೆಯುವುದನ್ನು ನಿಲ್ಲಿಸಲಿಲ್ಲ.

ಅವರ ಮನೆಯವರು ಈ ನಡುವೆ ಬೆಳಗ್ಗೆ ಒಂಬತ್ತರ ಹೊತ್ತಿಗೆ ಬಾಲ್ಕನಿ ಬಾಗಿಲ ಬಳಿ ಬೀನ್ಸ್ ಬಿಡಿಸುತ್ತ ನೆಲದ ಮೇಲೆ ಕೂರುತ್ತಿದ್ದರು. ಮರಿಗಳು ಬೀನ್ಸ್ ನಾರಿನ ಜೊತೆ ಆಡಲು ಬರುತ್ತಿದ್ದವು. ಪಕ್ಕದಿಂದ ಹದವಾದ ಬೆಳಕು, ಮರಿಯ ಮಟ್ಟಕ್ಕೇ ಹಿಡಿದ ಫೋನು, ಫ್ಲ್ಯಾಶ್ ಇಲ್ಲ. ಫೋಟೋಗ್ರಫಿ ಕ್ಲಾಸಿನಲ್ಲಿ ಇಷ್ಟನ್ನು ಹೇಳಲು ವಾರಾಂತ್ಯವಿಡೀ ತೆಗೆದುಕೊಳ್ಳುತ್ತಾರೆ. ಅವರು ಹಳೇ ಫೋನಿನಲ್ಲಿ ನಾಲ್ಕೈದು ಫೋಟೋ ತೆಗೆದು, ಡಲ್ಲಾಸ್‌ನಲ್ಲಿರುವ ಮಗಳಿಗೆ ಕಳಿಸಿ, ಸಾರಿಗೆ ಒಗ್ಗರಣೆ ಹಾಕಲು ಎದ್ದು ಹೋಗುತ್ತಿದ್ದರು. ರಾಯರು ಒಂದನ್ನು ನೋಡಿ, ಫೋಟೋ ಕಾಳುಕಾಳಾಗಿದೆ ಎನ್ನುವುದನ್ನು ಕ್ಯಾಮೆರಾ ಭಾಷೆಯಲ್ಲಿ "ನಾಯ್ಸ್ ಇದೆ" ಎಂದರು. "ಎಲ್ಲಿ? ಒಂದೂ ಕೂಗ್ತಿಲ್ವಲ್ಲ" ಎಂದರು ಅವರು.

ಏಳನೇ ವಾರ ಕ್ಯಾಮೆರಾ ಬಂತು. 45 ಮೆಗಾಪಿಕ್ಸೆಲ್. ಪೂಜೆಯಾಯಿತು, ಕುಂಕುಮ ಲೆನ್ಸಿಗೆ ತಾಗದಂತೆ ಹುಷಾರಾಗಿ. ಮೊದಲ ಫೋಟೋ ನೋಡಿ ರಾಯರು ಸಪ್ಪಗಾದರು. ಕಣ್ಣು ಹಳದಿ ಕಾಣುತ್ತಿತ್ತು. "ವೈಟ್ ಬ್ಯಾಲೆನ್ಸ್ ಸರಿ ಇಲ್ಲ" ಎಂದು ಅಂಗಡಿಗೆ ಫೋನ್ ಮಾಡಿದರು. ಅಂಗಡಿಯ ಹುಡುಗ ಬೆಳಕಿಗೆ ತಕ್ಕಂತೆ ಬಣ್ಣ ಸರಿಮಾಡುವ ಮೆನು ಬಿಡಿಸಿ ಬಿಡಿಸಿ ಹೇಳಿದ. ಮೋಡ, ನೆರಳು, ಟ್ಯೂಬ್‌ಲೈಟ್, ಎಲ್ಲ ಹಾಕಿ ನೋಡಿದರು. ಕೊನೆಗೆ ಅವರ ಮನೆಯವರು ಅಡುಗೆಮನೆಯಿಂದಲೇ ಹೇಳಿದರು: "ರೀ, ಮರಿ ಕಣ್ಣು ಹೋದ ವಾರವೇ ಹಳದಿಗೆ ತಿರುಗಿದೆ. ಕ್ಯಾಮೆರಾನ ಬೈಬೇಡಿ."

ಸನ್ಯಾಸಿಯ ಕೌಪೀನದ ಕಥೆ ಗೊತ್ತಲ್ಲ? ಕೌಪೀನ ಕಡಿಯುವ ಇಲಿ ಓಡಿಸಲು ಬೆಕ್ಕು ತಂದ. ಬೆಕ್ಕಿಗೆ ಹಾಲು ಬೇಕೆಂದು ಹಸು ತಂದ. ಹಸು ನೋಡಿಕೊಳ್ಳಲು ಮದುವೆಯಾದ. ಆ ಕಥೆಯಲ್ಲಿ ಬೆಕ್ಕು ನಡುವೆ ಬರುತ್ತದೆ. ನಮ್ಮ ಕಾಲದಲ್ಲಿ ಬೆಕ್ಕಿನಿಂದಲೇ ಶುರು. ಕ್ಯಾಮೆರಾ ಜೊತೆ ಬಂದ ಲೆನ್ಸ್ ಕತ್ತಲೆಗೆ ಸಾಲದು ಎಂದು ಎಫ್ 1.8 ಲೆನ್ಸ್ ಬಂತು. ಅದನ್ನು ಪೂರ್ತಿ ತೆರೆದು ಹತ್ತಿರದಿಂದ ತೆಗೆದರೆ ಸ್ಪಷ್ಟವಾಗಿ ಬರುವುದು ಒಂದು ಸೆಂಟಿಮೀಟರಿನಷ್ಟು ಜಾಗ ಮಾತ್ರ. ಮೂಗು ಬಂದರೆ ಕಿವಿ ಇಲ್ಲ. ಎರಡೂ ಬರಲು ಲೆನ್ಸಿನ ಕಿಂಡಿ ಕಿರಿದು ಮಾಡಬೇಕು, ಅದಕ್ಕೆ ಬೆಳಕು ಜಾಸ್ತಿ ಬೇಕೆಂದು ಸಾಫ್ಟ್‌ಬಾಕ್ಸ್ ಬಂತು. ಒಂದೊಂದು ರಾ ಫೈಲು, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಕೊಡುವ ಹಸಿ ಫೋಟೋ, ಹತ್ತಿರ ಹತ್ತಿರ 50 ಎಂಬಿ ಎಂದು ಹಾರ್ಡ್ ಡಿಸ್ಕ್ ಬಂತು. ಅದನ್ನು ತೆರೆಯಲಾಗದೆ ಹಳೇ ಲ್ಯಾಪ್‌ಟಾಪ್ ಏದುಸಿರು ಬಿಟ್ಟಿತೆಂದು ಹೊಸದು ಬಂತು. ತಿದ್ದುವ ಸಾಫ್ಟ್‌ವೇರಿಗೆ ತಿಂಗಳು ತಿಂಗಳು ಬಾಡಿಗೆ. ಮಳೆಗಾಲದಲ್ಲಿ ಲೆನ್ಸಿಗೆ ಫಂಗಸ್ ಹಿಡಿಯುತ್ತದೆಂದು ಒಂದು ಡ್ರೈ ಕ್ಯಾಬಿನೆಟ್, ಅದನ್ನು ಇಡಲು ಜಾಗ ಬೇಕೆಂದು ವಾರ್ಡ್‌ರೋಬ್ ಖಾಲಿ. ವಾರ್ಡ್‌ರೋಬ್ ಖಾಲಿ ಮಾಡುವಾಗ ಬೆಕ್ಕಿನ ಸಂಸಾರವೂ ಹೊರಗೆ.

ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎನ್ನುತ್ತಾರೆ ನಮ್ಮ ಕಡೆ. ಗಲಾಟೆಯಾದರೆ ತಾಯಿಬೆಕ್ಕು ಮರಿಗಳನ್ನು ಕಚ್ಚಿಕೊಂಡು ಜಾಗ ಬದಲಾಯಿಸುವುದಂತೂ ನಿಜ. ರಾಯರ ಸಾಫ್ಟ್‌ಬಾಕ್ಸಿನ ಬೆಳಕಿಗೆ ಬೇಸತ್ತ ಇದು, ಡ್ರೈ ಕ್ಯಾಬಿನೆಟ್ ಬಂದ ರಾತ್ರಿ ಒಂದು ಮಹಡಿ ಇಳಿದು ಸೆಕ್ರೆಟರಿಯ ಚಪ್ಪಲಿ ಸ್ಟ್ಯಾಂಡಿಗೆ ಸೇರಿತು. ಪರ್ಮಿಷನ್ ಕೇಳಲಿಲ್ಲ.

ಇಷ್ಟೆಲ್ಲ ಹೇಳಿದೆನೆಂದು ಇದು ಈಗಿನ ಹುಚ್ಚು ಅಂದುಕೊಳ್ಳಬೇಡಿ. 1870ರ ದಶಕದಲ್ಲೇ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಹ್ಯಾರಿ ಪಾಯಿಂಟರ್ ಎಂಬಾತ ಬೆಕ್ಕುಗಳನ್ನು ಬುಟ್ಟಿಯಲ್ಲಿ ಕೂರಿಸಿ, ಫೋಟೋ ತೆಗೆದು, ಕೆಳಗೆ ಶುಭಾಶಯ ಬರೆದು ಕಾರ್ಡ್ ಮಾಡಿ ಮಾರುತ್ತಿದ್ದ. ಗುಡ್ ಮಾರ್ನಿಂಗ್ ಫಾರ್ವರ್ಡಿನ ಮೂಲಪುರುಷ ಅವನೇ ಇರಬೇಕು. ಆಮೇಲೆ ಅಮೆರಿಕದ ಹ್ಯಾರಿ ಫ್ರೀಸ್ ಮರಿಗಳಿಗೆ ಅಂಗಿ ತೊಡಿಸಿ ಫೋಟೋ ತೆಗೆದ. ಅವನ ಕ್ಯಾಮೆರಾಗೆ ಸೆಕೆಂಡಿನ ಐದನೇ ಒಂದು ಭಾಗ ಮರಿ ಅಲ್ಲಾಡದೆ ಇರಬೇಕಿತ್ತು. ಮೂರರಲ್ಲಿ ಎರಡು ಪಾಲು ನೆಗೆಟಿವ್ ಬಿಸಾಡುತ್ತಿದ್ದ. ವರ್ಷದಲ್ಲಿ ಮೂರು ತಿಂಗಳಷ್ಟೇ ಈ ಕೆಲಸ, ಉಳಿದ ಕಾಲ ಸುಧಾರಿಸಿಕೊಳ್ಳಲು. ನಮ್ಮವರಿಗೆ ಸುಧಾರಿಸಿಕೊಳ್ಳುವ ಅಭ್ಯಾಸವಿಲ್ಲ. ಮರಿಗೆ ಉಣ್ಣೆ ಟೋಪಿ ಹಾಕಿ, ಬೆತ್ತದ ಬುಟ್ಟಿಯಲ್ಲಿಟ್ಟು, "ಹಾಯ್, ನಾನು ಮಿಟ್ಟು, ಇವತ್ತು ನನ್ನ ನಾಮಕರಣ" ಎಂದು ಬೆಕ್ಕಿನ ಹೆಸರಿನಲ್ಲೇ ಖಾತೆ ತೆರೆಯುತ್ತಾರೆ. ಮರಿ ಪಾಪ ಟೋಪಿ ಕಚ್ಚುತ್ತಿರುತ್ತದೆ.

ರಾಯರ ಮರಿಗಳು ಮೂರು ತಿಂಗಳಿಗೆ ಒಂದೊಂದಾಗಿ ಒಂದೊಂದು ಮನೆಗೆ ಹೋದವು. ಕಪ್ಪು ಮರಿ ಸೆಕ್ರೆಟರಿಯ ಮನೆಯಲ್ಲೇ ಉಳಿಯಿತು, ಈಗ ಅವರ ಸೋಫಾ ಅದರದೇ. ಇಎಂಐ ಇನ್ನೂ ಹತ್ತು ಕಂತು ಬಾಕಿ. ಆದರೆ ರಾಯರ ಕ್ಯಾಮೆರಾಗೆ ಕೆಲಸ ಕಮ್ಮಿಯಾಗಲಿಲ್ಲ. ನಮ್ಮಲ್ಲಿ ಒಂದು ಅಲಿಖಿತ ಕಾನೂನಿದೆ. ದೊಡ್ಡ ಕ್ಯಾಮೆರಾ ಯಾರ ಮನೆಯಲ್ಲಿದೆಯೋ ಅವರು ಸಂಬಳವಿಲ್ಲದ ಫೋಟೋಗ್ರಾಫರ್. ಗಣೇಶನ ಹಬ್ಬಕ್ಕೆ ಕರೆದರು. ರಾಜ್ಯೋತ್ಸವಕ್ಕೆ ಕರೆದರು. "ರಾಯರೇ, ನಮ್ಮ ಹುಡುಗಿಯದೊಂದು ಪಾಸ್‌ಪೋರ್ಟ್ ಸೈಜು" ಎಂದು ನಾಲ್ಕನೇ ಮಹಡಿಯವರು ಬಿಳಿ ಬೆಡ್‌ಶೀಟ್ ಹಿಡಿದುಕೊಂಡೇ ಬಂದರು.

ಮೊನ್ನೆ ಐದನೇ ಮಹಡಿಯಲ್ಲಿ ಗೃಹಪ್ರವೇಶ. ಹಸು ಲಿಫ್ಟಿಗೆ ಹಿಡಿಯದೆ ಪಾರ್ಕಿಂಗ್‌ನಲ್ಲೇ ಗೋಪೂಜೆ ಇಟ್ಟುಕೊಂಡಿದ್ದರು. ರಾಯರ ಕ್ಯಾಮೆರಾ ಇನ್ನೂ ಪ್ರಾಣಿಯ ಸೆಟ್ಟಿಂಗಿನಲ್ಲೇ ಇತ್ತು. ಅದು ಹುಡುಕಬಲ್ಲ ಪಟ್ಟಿಯಲ್ಲಿ ನಾಯಿ, ಬೆಕ್ಕು, ಹಕ್ಕಿ ಇದ್ದವು. ಹಸು ಇರಲಿಲ್ಲ. ಮಂಗಳಾರತಿ ಹೊತ್ತಿಗೆ ಸರಿಯಾಗಿ ಫೋಕಸ್ ಚೌಕ ದಂಪತಿಯನ್ನು ಬಿಟ್ಟು, ಹಸುವನ್ನು ಬಿಟ್ಟು, ಹಿಂದಿನ ಕಾಂಪೌಂಡ್ ಮೇಲೆ ಕೂತಿದ್ದ ತಾಯಿಬೆಕ್ಕಿನ ಕಣ್ಣಿನ ಮೇಲೆ ಹೋಗಿ ಕೂತಿತು. ಪುರೋಹಿತರು "ಇನ್ನೊಂದ್ಸಲ ಆರತಿ ಎತ್ತಲಾ?" ಎಂದು ಕೇಳಿದರು. ಎತ್ತಿದರು. ಎಲ್ಲರ ಊಟವಾದ ಮೇಲೆ ಕೊನೇ ಪಂಕ್ತಿಯಲ್ಲಿ ರಾಯರಿಗೆ ಎಲೆ ಸಿಕ್ಕಿತು. ಅಷ್ಟರಲ್ಲಿ ಹೋಳಿಗೆ ಖಾಲಿಯಾಗಿತ್ತು.

ಕೈ ತೊಳೆಯುವಾಗ ಮನೆಯ ಯಜಮಾನರು ಬಂದರು.

"ಫೋಟೋ ಯಾವಾಗ ಕೊಡ್ತೀರಾ ರಾಯರೇ?"

"ನಾಳೆ ಡ್ರೈವ್ ಲಿಂಕ್ ಕಳಿಸ್ತೀನಿ. ಪೂರ್ತಿ 45 ಮೆಗಾಪಿಕ್ಸೆಲ್. ಗೋಡೆ ಅಗಲ ಪ್ರಿಂಟ್ ಹಾಕಿಸ್ಬಹುದು."

"ಅಯ್ಯೋ, ಅದೆಲ್ಲ ಯಾಕೆ ಸಾರ್? ವಾಟ್ಸಾಪ್ ಮಾಡ್ಬಿಡಿ. ಎಚ್‌ಡಿ ಬೇಡ, ಫೋನಲ್ಲಿ ಜಾಗ ಇಲ್ಲ."