ಅಪ್ಪ ಮುಟ್ಟೋಕೆ ಹೋಗಿರಲಿಲ್ಲ

"ಕೈ ತೆಗೀರಿ!" ಅಂತ ಮಿಲ್ ಮ್ಯೂಸಿಯಂನ ಗೈಡ್ ಕೂಗಿದ್ದು ಇನ್ನೂ ಕಿವಿಯಲ್ಲೇ ಇದೆ. ಅಷ್ಟು ಜನರ ಮುಂದೆ. ನಮ್ಮಪ್ಪನಿಗೆ.

ಅಪ್ಪ ಇಲ್ಲಿಗೆ, ಇಂಗ್ಲೆಂಡಿಗೆ ಬಂದು ಮೂರು ವಾರ ಆಯ್ತು. ಬೇರೆ ಎಲ್ಲಿಗೂ ಕರ್ಕೊಂಡು ಹೋಗು ಅಂದವರಲ್ಲ. ನಮ್ಮ ದಾವಣಗೆರೆಯನ್ನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರಲ್ಲ, ಅದಕ್ಕೆ ಅಸಲಿ ಮ್ಯಾಂಚೆಸ್ಟರ್ ಕಡೆಯ ಒಂದು ಹತ್ತಿ ಮಿಲ್ಲು ನೋಡಬೇಕು ಅಂದರು, ಅಷ್ಟೇ.

ಗೈಡ್ ಚೆನ್ನಾಗಿಯೇ ಹೇಳುತ್ತಿದ್ದ. 1733ರಲ್ಲಿ ಜಾನ್ ಕೇ ಮಾಡಿದ ಹಾರುವ ಲಾಳಿ, ಅಂದರೆ ಅಡ್ಡ ನೂಲನ್ನ ಮಗ್ಗದ ಆಚೆಯಿಂದೀಚೆಗೆ ಒಯ್ಯುವ ತುಂಡು. ಮ್ಯಾಂಚೆಸ್ಟರ್ ಸುತ್ತಲಿನ ಲ್ಯಾಂಕಾಶೈರ್ ಸೀಮೆಯ ಹೆಸರಿನ 1842ರ ಲ್ಯಾಂಕಾಶೈರ್ ಮಗ್ಗ, ಹೊಕ್ಕಿನ (ಅಡ್ಡ) ನೂಲು ತುಂಡಾದರೆ ತಾನೇ ನಿಲ್ಲುತ್ತಿತ್ತಂತೆ. ಸದ್ದಿಗೆ ನೇಕಾರರ ಕಿವಿ ಮಂದವಾಗಿ, ತುಟಿ ನೋಡಿ ಮಾತಾಡುತ್ತಿದ್ದರು ಅಂತಲೂ ಹೇಳಿದ.

ಆಮೇಲೆ ಮಗ್ಗ ಚಾಲೂ ಮಾಡಿದ. ಅಪ್ಪ ಅಡ್ಡ ಕಟ್ಟಿದ್ದ ಹಗ್ಗದ ಮೇಲೆ ಬಗ್ಗಿ ಕೈ ಚಾಚಿದರು. ಅವನು ಗದರಿದ. ಅಪ್ಪನಿಗೆ ಕೇಳಿಸಲಿಲ್ಲ. 28 ವರ್ಷ ಮಿಲ್ಲಿನಲ್ಲಿ ಪಾಳಿ ಮಾಡಿದ ಕಿವಿ, ಎಲ್ಲಿಂದ ಕೇಳಿಸಬೇಕು? ಇನ್ನೂ ಜೋರಾಗಿ ಕೂಗಿ ಮಗ್ಗ ನಿಲ್ಲಿಸಿಬಿಟ್ಟ. ಸದ್ದೆಲ್ಲ ನಿಂತುಹೋಯ್ತು. ಎಲ್ಲರೂ ತಿರುಗಿ ನೋಡಿದರು. ಅಪ್ಪ ಚಾಚಿದ ಕೈಯನ್ನ ಮೆಲ್ಲಗೆ ಎಳೆದುಕೊಂಡು ಸ್ವೆಟರ್ ಜೇಬಿಗೆ ಹಾಕಿಕೊಂಡರು. "ಸಾರಿ, ಸಾರಿ" ಅಂದರು. ನಾನೂ ಸಾರಿ ಅಂದೆ. ನಾನ್ಯಾಕೆ ಅಂದೆ?

ಅಪ್ಪ ಮುಟ್ಟೋಕೆ ಹೋಗಿರಲಿಲ್ಲ. ಲಾಳಿ ಹೊಡೆಯುವ ಕೋಲಿನ ತೊಗಲು ಪಟ್ಟಿ ಸಡಿಲವಾಗಿತ್ತಂತೆ, ಅದನ್ನ ತೋರಿಸುತ್ತಿದ್ದರು. ಹಾಗೆ ಬಿಟ್ಟರೆ ಲಾಳಿ ದಾರಿ ತಪ್ಪಿ ಹಾರುತ್ತದೆ. ಅವರ ಜೊತೆಗಾರರೊಬ್ಬರ ಕಣ್ಣು ಹೋಗಿದ್ದು ಹಾಗೇ. ಬಸ್ಸಿನಲ್ಲಿ ಹೇಳಿದರು.

ಬಿಡಿ, ಅವನದೂ ತಪ್ಪಿಲ್ಲ. ಓಡುವ ಯಂತ್ರಕ್ಕೆ ಯಾರು ಕೈ ಚಾಚಿದರೂ ತಡೆಯಲೇಬೇಕು. ಸುಮ್ನೆ ದೂರು ಕೊಟ್ಟು ಏನಾಗಬೇಕು?

ಇಲ್ಲ, ಬಿಡೋಕೆ ಆಗ್ತಿಲ್ಲ. ತಡೆಯಲಿ. ತಡೆದ ಮೇಲೆ "ಏನು ತೋರಿಸ್ತಿದ್ರಿ?" ಅಂತ ಒಂದು ಮಾತು ಕೇಳಬಾರದಾ? ನೇಕಾರರ ಕಿವಿಯ ಕಥೆ ಹೇಳಿದವನಿಗೆ ಎದುರಿಗೇ ನಿಂತ ನೇಕಾರ ಕಾಣಲಿಲ್ಲ ಅಲ್ವಾ! 1860ರ ದಶಕದಲ್ಲಿ ಅಮೆರಿಕದ ಯುದ್ಧದಿಂದ ಹತ್ತಿ ಬರೋದು ನಿಂತಾಗ, ಇದೇ ಲ್ಯಾಂಕಾಶೈರ್ ನಮ್ಮ ಧಾರವಾಡದ ಹತ್ತಿಗೂ ಕೈಚಾಚಿತ್ತು. ಗೋಡೆಯ ಬೋರ್ಡಿನಲ್ಲಿ ಅದಕ್ಕೆಲ್ಲ ಸೇರಿ ಇದ್ದದ್ದು "ಇಂಡಿಯಾ" ಅನ್ನೋ ಒಂದೇ ಪದ.

ಊರಲ್ಲಿ ಅಪ್ಪ ಓಡಿಸಿದ ಮಗ್ಗಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು. ಅಲ್ಲಿ ನೋಡೋಕೆ ಒಂದೂ ಉಳಿದಿಲ್ಲ. ಇಲ್ಲಿ ಉಳಿದಿದೆ, ಹತ್ತಿರ ಹೋಗೋ ಹಾಗಿಲ್ಲ.

ಲ್ಯಾಂಕಾಶೈರಿನ ಆ ಕಡೆ ಮಿಲ್ ಮ್ಯೂಸಿಯಂಗಳಲ್ಲಿ ಕೆಲಸ ಮಾಡುವ ಕನ್ನಡದವರು ಯಾರಾದರೂ ಇದ್ದೀರಾ? ಒಂದು ಸಲ ವಿಚಾರಿಸಿ ಹೇಳಿ. ಆ ಪಟ್ಟಿ ಬಿಗಿ ಮಾಡಿದರಾ? ರಾತ್ರಿ ಊಟಕ್ಕೆ ಕೂತಾಗಲೂ ಅಪ್ಪ ಅದನ್ನೇ ಕೇಳಿದರು.